ಅಡ್ಡಗೋಡೆಗೆ ಅಜ್ಜಿಯ ಕನ್ನಡಿ



ಕನ್ನಡಿಗೆ ನಮ್ಮ ಗಡಿಯಲ್ಲಿ ಹೆಸರು ಹಲವು. ಸೊಲ್ಲಾಪುರದ ಪೇಟೆಯಲ್ಲಿ ಅದು 'ಆರಸಾ', ಆದವಾನಿ, ರಾಯದುರ್ಗದಲ್ಲಿ 'ಅದ್ದಂ', ತಾಳವಾಡಿಯಲ್ಲಿಯೂ ಕಾಸರಗೋಡಿನಲ್ಲಿಯೂ 'ಕಣ್ಣಾಡಿ'. ಹೆಸರು ಏನೇ ಇರಲಿ, ಎಷ್ಟೋ ಹಳೆಯ ಮನೆಗಳ ಅಟ್ಟದ ಮೇಲೆ ಗೋಣಿತಟ್ಟಿನಲ್ಲಿ ಸುತ್ತಿಟ್ಟ ಒಂದೆರಡು ಸಾಗವಾನಿ ಚೌಕಟ್ಟಿನ ಕನ್ನಡಿಗಳು ಧೂಳು ತಿನ್ನುತ್ತಿವೆ. ಅವನ್ನು ಕೆಳಗಿಳಿಸಿ, ಏನೂ ಒಪ್ಪದ ಒಂದು ಗೋಡೆಗೆ ಹೇಗೆ ಹೊಂದಿಸಬೇಕು ಎಂಬುದನ್ನು ಇವತ್ತು ಹೇಳುತ್ತೇನೆ.

ಮೊದಲು ಆ ಗೋಡೆಯ ಮಾತು. ಅಕ್ಕಲಕೋಟ, ಜತ್ತ ಕಡೆಯ ಕಲ್ಲು-ಮಣ್ಣಿನ ಮಾಳಿಗೆ ಮನೆಗಳು ನಿಮಗೆ ಗೊತ್ತು. ಗೋಡೆ ದಪ್ಪ, ಕಿಟಕಿ ಕಡಿಮೆ. ಅಣ್ಣತಮ್ಮಂದಿರ ಹಿಸ್ಸೆಯಾದಾಗ, ಅಂದರೆ ಮರಾಠಿಯವರು ಹೇಳುವ 'ವಾಟಣಿ' ಆದಾಗ, ಪಡಸಾಲೆಯ ನಡುವೆ ಒಂದು ಅಡ್ಡಗೋಡೆ ಏಳುತ್ತದೆ. ಕಿಟಕಿ ಒಬ್ಬರ ಪಾಲಿಗೆ, ಕತ್ತಲೆ ಇನ್ನೊಬ್ಬರ ಪಾಲಿಗೆ. ಕತ್ತಲೆಯ ಪಾಲಿನವರಿಗೆ ಬೆಳಕು ಬರುವುದು ತಲೆಬಾಗಿಲಿನಿಂದ ಇಲ್ಲವೆ ಮೇಲಿನ ಬೆಳಕಿಂಡಿಯಿಂದ ಮಾತ್ರ. ಆ ಗೋಡೆಯ ಮೇಲೆ ಒಂದು ಕಡೆ ಮುಚ್ಚಿದ ಬಾಗಿಲಿನ ಗುರುತು, ಇನ್ನೊಂದು ಕಡೆ ತೊಲೆಯ ತುದಿ, ಮಗ್ಗುಲಲ್ಲಿ ಕರೆಂಟಿನ ಮೀಟರು. ಕ್ಯಾಲೆಂಡರ್ ತೂಗಹಾಕಿದರೂ ಸೊಟ್ಟಗೆ ಕಾಣುತ್ತದೆ. ಮುದುಕರು ಹಗಲಿನಲ್ಲೇ ಹೊಸ್ತಿಲು ಎಡವುತ್ತಾರೆ.

ಇಂಥ ಗೋಡೆಗೆ ಕನ್ನಡಿ ಬರಿಯ ಅಲಂಕಾರವಲ್ಲ, ಅರ್ಧ ಕಿಟಕಿ. ಆದರೆ ಒಂದು ಮಾತನ್ನು ಸೆರಗಿಗೆ ಗಂಟು ಹಾಕಿಕೊಳ್ಳಿ. ಕನ್ನಡಿ ಬೆಳಕನ್ನು ಹುಟ್ಟಿಸುವುದಿಲ್ಲ, ಬಂದ ಬೆಳಕನ್ನು ತಿರುಗಿಸುತ್ತದೆ ಅಷ್ಟೆ. ಕತ್ತಲೆಯ ಎದುರಿಗೆ ತೂಗಹಾಕಿದರೆ ಕತ್ತಲೆಯನ್ನೇ ಎರಡು ಮಾಡಿ ತೋರಿಸುತ್ತದೆ. ಬೆಳಕು ಎಷ್ಟು ಓರೆಯಾಗಿ ಬಂದು ಬೀಳುತ್ತದೆಯೋ ಅಷ್ಟೇ ಓರೆಯಾಗಿ ಆಚೆಗೆ ಹೋಗುತ್ತದೆ. ಹಾಗಾಗಿ ಮೊಳೆ ಹೊಡೆಯುವ ಮುಂಚೆ ಜಾಗ ಹುಡುಕಬೇಕು. ಅಕ್ಕಿ ಆರಿಸುವ ಜಾಗದಲ್ಲಿ ಒಬ್ಬರು ಕೂಡಲಿ. ಇನ್ನೊಬ್ಬರು ಕೈಗನ್ನಡಿ ಹಿಡಿದು ಗೋಡೆಯ ಉದ್ದಕ್ಕೂ ಸರಿಯುತ್ತ ಹೋಗಲಿ. ಕೂತವರಿಗೆ ಆ ಕನ್ನಡಿಯೊಳಗೆ ಬಾಗಿಲು ಅಥವಾ ಬೆಳಕಿಂಡಿ ಎಲ್ಲಿ ಕಾಣುತ್ತದೆಯೋ ಅಲ್ಲಿ ಸೀಮೆಸುಣ್ಣದಿಂದ ಗುರುತು ಮಾಡಿ. ದೊಡ್ಡ ಕನ್ನಡಿಯ ಜಾಗ ಅದೇ.

ಹಿಂದಿನವರು ಕನ್ನಡಿಯನ್ನು ಮುಂದಕ್ಕೆ ಬಾಗಿಸಿ ತೂಗಹಾಕುತ್ತಿದ್ದುದನ್ನು ನೀವು ನೋಡಿರಬಹುದು. ಕೆಳಗೆ ಎರಡು ಗೂಟದ ಆಧಾರ, ಮೇಲೆ ಹಗ್ಗ. ನೆಲದ ಮೇಲೆ ಕೂತವರಿಗೂ ಮುಖ ಕಾಣುತ್ತಿತ್ತು, ಎತ್ತರದಿಂದ ಬಂದ ಬೆಳಕು ನೆಲಕ್ಕೂ ಇಳಿಯುತ್ತಿತ್ತು. ಬೆಳಕಿಂಡಿಯ ಮನೆಗೆ ಈ ಪದ್ಧತಿಯೇ ಲೇಸು.

ಇನ್ನು ಸಣ್ಣಪುಟ್ಟ ಕನ್ನಡಿಗಳ ಜೋಡಣೆ. ಪ್ರತಿಯೊಂದರ ಅಳತೆಗೆ ಹಳೆಯ ಪತ್ರಿಕೆಯನ್ನು ಕತ್ತರಿಸಿ, ಮೈದಾ ಅಂಟಿನಿಂದ ಗೋಡೆಗೆ ಹಚ್ಚಿ. ಎರಡು ದಿನ ಹೋಗಿ ಬಂದು ನೋಡಿ. ದೊಡ್ಡದು ನಡುವೆ ಬರಲೇಬೇಕೆಂದಿಲ್ಲ, ಬೆಳಕಿನ ಗುರುತು ಇದ್ದಲ್ಲಿ ಬರಲಿ. ಉಳಿದವು ಅದರ ಸುತ್ತ ಎರಡು ಮೂರು ಇಂಚು ಅಂತರದಲ್ಲಿ ಬರಲಿ. ಮುಚ್ಚಿದ ಬಾಗಿಲಿನ ಗುರುತಿನೊಳಗೆ ಒಂದು ಉದ್ದ ಕನ್ನಡಿ ಇಟ್ಟರೆ ಅದು ಬಾಗಿಲಿನ ಹಾಗೆಯೇ ಒಪ್ಪುತ್ತದೆ. ನಿಂತವರು ಅಡಿಯಿಂದ ಮುಡಿಯವರೆಗೆ ಕಾಣಲು ಅವರ ಎತ್ತರದ ಅರ್ಧದಷ್ಟು ಉದ್ದದ ಕನ್ನಡಿ ಸಾಕು. ಹಾಗಾಗಿ ಅದನ್ನು ನೆಲದವರೆಗೆ ಇಳಿಸಬೇಡಿ. ದೃಷ್ಟಿ ಮಂದವಾದವರು ದಾರಿ ಇದೆಯೆಂದು ನಡೆದುಬಿಟ್ಟಾರು.

ಬ್ಯಾಂಕಿನಲ್ಲಿ ಲೆಕ್ಕ ಬರೆದ ಕೈ ನನ್ನದು, ಆದ್ದರಿಂದ ತೂಕದ ಲೆಕ್ಕವನ್ನೂ ಹೇಳುತ್ತೇನೆ. ಒಂದು ಚದರ ಮೀಟರ್ ಗಾಜು, ದಪ್ಪದ ಒಂದೊಂದು ಮಿಲಿಮೀಟರಿಗೆ ಎರಡೂವರೆ ಕಿಲೋ ತೂಗುತ್ತದೆ. 2 ಅಡಿ ಅಗಲ, 3 ಅಡಿ ಉದ್ದ, 4 ಮಿಲಿಮೀಟರ್ ದಪ್ಪದ ಕನ್ನಡಿಯ ಗಾಜೇ ಸುಮಾರು ಐದೂವರೆ ಕಿಲೋ. ಮೇಲೆ ಚೌಕಟ್ಟಿನ ಭಾರ ಬೇರೆ. ಗಾಜು ದಪ್ಪವೋ ತೆಳುವೋ ತಿಳಿಯಲು ಪೆನ್ಸಿಲ್ ತುದಿಯನ್ನು ಗಾಜಿಗೆ ತಾಗಿಸಿ. ತುದಿಗೂ ಅದರ ಪ್ರತಿಬಿಂಬಕ್ಕೂ ನಡುವೆ ಸಂದು ಹೆಚ್ಚಿದ್ದಷ್ಟೂ ಗಾಜು ದಪ್ಪ. ಮಣ್ಣಿನ ಗೋಡೆಯಲ್ಲಿ ಒಂದೇ ಮೊಳೆ ಇಷ್ಟು ಭಾರವನ್ನು ತಾಳದು. ಗಟ್ಟಿ ಮರದ ಪಟ್ಟಿಯೊಂದನ್ನು ನಾಲ್ಕೈದು ಕಡೆ ಕಲ್ಲಿಗೆ ಭದ್ರವಾಗಿ ಬಿಗಿಸಿ, ಕನ್ನಡಿಗಳನ್ನು ಅದಕ್ಕೆ ತೂಗಹಾಕಿ. ಹಳೆಯ ಹಗ್ಗವನ್ನು ನಂಬಬೇಡಿ, ಹೊಸ ತಂತಿ ಹಾಕಿ.

ಹಳೆಯ ಕನ್ನಡಿಯಲ್ಲಿ ಕಪ್ಪು ಚುಕ್ಕೆಗಳೇಕೆ? 1835ರಲ್ಲಿ ಜರ್ಮನಿಯ ರಸಾಯನಶಾಸ್ತ್ರಜ್ಞ ಲೀಬಿಗ್ ಗಾಜಿನ ಮೇಲೆ ಬೆಳ್ಳಿಯ ತೆಳುಪದರ ಕೂರಿಸುವ ವಿಧಾನ ಕಂಡುಕೊಂಡರು. ಗಾಜಿನ ಬೆನ್ನಿನ ಆ ಬೆಳ್ಳಿಗೆ ತೇವ ತಾಗಿದರೆ ಕಪ್ಪಾಗುತ್ತದೆ, ಅದೂ ಹೆಚ್ಚಾಗಿ ಅಂಚಿನಿಂದ. ಆದ್ದರಿಂದ ಮಳೆಗಾಲದಲ್ಲಿ ಒಸರುವ ಗೋಡೆಗೆ ಕನ್ನಡಿಯನ್ನು ಒತ್ತಿ ಹಾಕಬೇಡಿ. ಹಿಂದೆ ಮೂಲೆಗಳಲ್ಲಿ ಮರದ ಚೂರು ಕೊಟ್ಟು ಗಾಳಿಯಾಡಲು ಬಿಡಿ. ನೀರು ಚಿಮುಕಿಸಿ ಒರೆಸಬೇಡಿ. ಹಿಂಡಿದ ಬಟ್ಟೆಯಲ್ಲಿ ಒರೆಸಿ, ಕೂಡಲೇ ಒಣಬಟ್ಟೆ ಆಡಿಸಿ. ಚುಕ್ಕೆಗಳಿದ್ದರೂ ಬೆಳಕು ತಿರುಗಿಸುವ ಕೆಲಸಕ್ಕೆ ಅಡ್ಡಿಯಿಲ್ಲ.

ಬೆಳ್ಳಿಯ ಪದ್ಧತಿಗೆ ಮುಂಚೆ ತವರ ಮತ್ತು ಪಾದರಸ ಸೇರಿಸಿ ಕನ್ನಡಿ ಮಾಡುತ್ತಿದ್ದರು. ಬಹಳ ಹಳೆಯ ಕನ್ನಡಿಯ ಬೆನ್ನು ಬೂದುಬಣ್ಣದಲ್ಲಿ ಹರಳುಹರಳಾಗಿ ಮಿನುಗುತ್ತಿದ್ದರೆ ಕೆರೆಯಬೇಡಿ, ಬಿಸಿ ಮಾಡಬೇಡಿ, ಮಕ್ಕಳ ಕೈಗೆ ಕೊಡಬೇಡಿ. ಪಾದರಸದ ಆವಿ ವಿಷ.

ಚೌಕಟ್ಟಿಗೆ ಬಣ್ಣ ಬಳಿಯುವ ಬದಲು ತುಸು ಅಗಸೆ ಎಣ್ಣೆ ಉಜ್ಜಿದರೆ ಸಾಗವಾನಿಗೆ ಕಳೆ ಬರುತ್ತದೆ. ಎಣ್ಣೆಯ ಬಟ್ಟೆಯನ್ನು ಮುದ್ದೆ ಮಾಡಿ ಒಗೆಯಬೇಡಿ, ತಾನಾಗಿಯೇ ಕಾವೇರಿ ಹೊತ್ತಿಕೊಳ್ಳುವುದುಂಟು. ಹೊರಗೆ ಹರವಿ ಒಣಗಿಸಿ. ಮುಖ ದೊಡ್ಡದಾಗಿ ತೋರಿಸುವ ಕ್ಷೌರದ ಕನ್ನಡಿಯನ್ನು ಬಿಸಿಲು ಬೀಳುವಲ್ಲಿ ಇಡಬೇಡಿ. ಅದು ಬಿಸಿಲನ್ನು ಒಂದೆಡೆ ಕೂಡಿಸಿ ಬಟ್ಟೆಯನ್ನು ಸುಡಬಲ್ಲದು. ಗುಬ್ಬಿ ಬಂದು ತನ್ನ ಬಿಂಬದೊಡನೆ ಜಗಳ ತೆಗೆದರೆ ಕೆಲವು ದಿನ ಬಟ್ಟೆ ಮುಚ್ಚಿ.

ಇದರಿಂದ ಲಾಭವೆಷ್ಟು ಎನ್ನುತ್ತೀರಾ? 20 ವ್ಯಾಟಿನ ಎಲ್‌ಇಡಿ ದೀಪ ಹಗಲಿನಲ್ಲಿ ಎಂಟು ತಾಸು ಉರಿದರೆ ತಿಂಗಳಿಗೆ ಐದು ಯೂನಿಟ್ಟಿನ ಹತ್ತಿರ. ಹಣ ದೊಡ್ಡದಲ್ಲ. ಆದರೆ ಕರೆಂಟು ಹೋದ ಮಧ್ಯಾಹ್ನ ಮುದುಕಿಗೆ ಹೊಸ್ತಿಲು ಕಂಡರೆ ಅದಕ್ಕೆ ಬೆಲೆ ಕಟ್ಟಲಾದೀತೆ?

ಕೊನೆಗೆ ಒಂದು ವಿನಂತಿ. ಹಿಸ್ಸೆಯ ಪಟ್ಟಿಯಲ್ಲಿ ಹಂಡೆ, ಕೊಪ್ಪರಿಗೆಗಳನ್ನು ಬರೆಯುತ್ತೇವೆ, ಅಟ್ಟದ ಕನ್ನಡಿಯನ್ನು ಮರೆಯುತ್ತೇವೆ. ಮುಂದೆ ಅದು ಹಳೇ ಸಾಮಾನಿನವನ ಗಾಡಿ ಏರುತ್ತದೆ. ಇನ್ನು ಮೇಲೆ ಹಿಸ್ಸೆಯ ಮಾತಿಗೆ ಕೂತಾಗ ಪಂಚರಿಗೆ ಹೇಳಿ, ಕಿಟಕಿ ಯಾರ ಪಾಲಿಗೆ ಬರಲಿಲ್ಲವೋ ಅಜ್ಜಿಯ ಕನ್ನಡಿ ಅವರ ಪಾಲಿಗೆ ಬರಲಿ.