ಹೆಸರಿಗೆ ಕಾವಲು, ಕಾವಲಿಗೆ ಕೂಲಿ

ಮನೆಗೆ ಬೀಗವನ್ನಿಕ್ಕಿ ಬೀಗದ ಕೈಯನ್ನು ನಡುವಿಗೆ ಸಿಕ್ಕಿಸಿಕೊಂಡು ಪರಸ್ಥಳಕ್ಕೆ ಹೊರಡುವುದು ನಮ್ಮ ಹಿರಿಯರ ವಾಡಿಕೆಯಾಗಿದ್ದಿತು. ಕದಿಯತಕ್ಕ ವಸ್ತುವು ಆಗ ಪೆಟ್ಟಿಗೆಯಲ್ಲಿಯೋ ಕಣಜದಲ್ಲಿಯೋ ಇರುತ್ತಿದ್ದಿತು. ಈಗಲಾದರೋ ಒಬ್ಬನ ಹೆಸರು, ಹುಟ್ಟಿದ ತಾರೀಖು, ಸರ್ಕಾರವು ಅವನಿಗೆ ಕೊಟ್ಟ ಒಂದು ಸಂಖ್ಯೆ, ಇಷ್ಟನ್ನು ಮಾತ್ರ ಅಪಹರಿಸಿ, ಅವನೇ ತಾನೆಂದು ನಟಿಸಿ, ಅವನ ಹೆಸರಿನಲ್ಲಿ ಸಾಲವನ್ನೆತ್ತುವ ಚೋರರು ಹುಟ್ಟಿಕೊಂಡಿದ್ದಾರೆ. ಕಳವಾದ ವಸ್ತುವು ಒಡೆಯನ ಬಳಿಯಲ್ಲಿಯೇ ಉಳಿದಿರುವುದರಿಂದ ಕಳವು ನಡೆದ ಸಂಗತಿಯೇ ಅವನಿಗೆ ತಿಳಿಯುವುದಿಲ್ಲ. ಇದಕ್ಕೆ ಗುರುತಿನ ಕಳವೆಂದು ಹೆಸರು. "ನಿಮ್ಮ ಗುರುತನ್ನು ನಾವು ಕಾಯುತ್ತೇವೆ, ತಿಂಗಳಿಗೆ ಇಷ್ಟು ಕೊಡಿರಿ" ಎಂದು ಹೇಳುವ ಕಂಪೆನಿಗಳು ಅಮೆರಿಕಾ ದೇಶದಲ್ಲಿ ಅನೇಕವಾಗಿವೆ. ತಿಂಗಳಿಗೆ ಸುಮಾರು ಹತ್ತು ಡಾಲರಿನಿಂದ ಮೂವತ್ತಕ್ಕೂ ಮೇಲ್ಪಟ್ಟು ಅವುಗಳ ದರ. ಆ ಹಣವು ಸಾರ್ಥಕವೇ ಎಂಬ ಪ್ರಶ್ನೆಯು ನಮ್ಮ ಮನೆಯ ಬಾಗಿಲಿಗೇ ಬಂದುದರಿಂದ ಈ ನಾಲ್ಕು ಮಾತುಗಳನ್ನು ಬರೆಯುತ್ತಿದ್ದೇವೆ.

ನಮ್ಮ ಅಳಿಯಂದಿರು ನ್ಯೂಜರ್ಸಿ ಪ್ರಾಂತದಲ್ಲಿ ಉದ್ಯೋಗದಲ್ಲಿರುವರು. ಕೆಲವು ವರ್ಷಗಳ ಹಿಂದೆ ಅವರ ವಿವರಗಳನ್ನಿಟ್ಟುಕೊಂಡಿದ್ದ ಒಂದು ಸಂಸ್ಥೆಯ ದಫ್ತರಕ್ಕೆ ಕನ್ನ ಬಿದ್ದಿತು. ಆ ಸಂಸ್ಥೆಯವರು ಕ್ಷಮಾಪಣೆಯ ಕಾಗದವನ್ನು ಬರೆದು, ಒಂದು ಕಾವಲಿನ ಕಂಪೆನಿಯ ಸೇವೆಯನ್ನು ವರ್ಷಕಾಲ ಉಚಿತವಾಗಿ ಕೊಡಿಸಿದರು. ವರ್ಷವು ಮುಗಿದೊಡನೆ, ಮುಂದಕ್ಕೂ ಬೇಕಾದರೆ ಸಂಸಾರಕ್ಕೆಲ್ಲ ಸೇರಿ ತಿಂಗಳಿಗೆ ಇಪ್ಪತ್ತೈದು ಡಾಲರೆಂದು ಕಂಪೆನಿಯು ತಿಳಿಸಿತು. ಹೆದರಿದವರು ಚೌಕಾಸಿ ಮಾಡುವುದಿಲ್ಲ. ಅಳಿಯಂದಿರು ಎರಡು ವರ್ಷ ಕೊಟ್ಟರು, ಅಂದರೆ ಆರುನೂರು ಡಾಲರು.

ಕಳೆದ ವರ್ಷ ಫೆಬ್ರವರಿಯಲ್ಲಿ ಅವರು ವರಮಾನ ತೆರಿಗೆಯ ಲೆಕ್ಕವನ್ನು ಒಪ್ಪಿಸಹೋದಾಗ ಅದು ಹಿಂದಕ್ಕೆ ಬಂದಿತು. ಅವರ ಸಂಖ್ಯೆಯಲ್ಲಿ ಬೇರೆ ಯಾರೋ ಮುಂಚೆಯೇ ಸುಳ್ಳು ಲೆಕ್ಕವನ್ನೊಪ್ಪಿಸಿ ಮರುಪಾವತಿಯನ್ನು ಕೇಳಿದ್ದರು! ಕಾವಲಿನ ಕಂಪೆನಿಯಿಂದ ಒಂದು ಸೊಲ್ಲೂ ಬಂದಿರಲಿಲ್ಲ. ವಿಚಾರಿಸಿದರೆ, "ತಾವು ಕೊಟ್ಟಿರುವುದು ಸಾಲದ ದಾಖಲೆಗಳ ಕಾವಲಿಗೆ, ತೆರಿಗೆಯು ಅದರೊಳಗೆ ಬರುವುದಿಲ್ಲ" ಎಂದು ಬಹು ವಿನಯದಿಂದ ಉತ್ತರ ಕೊಟ್ಟು, ಯಾವ ಫಾರಮನ್ನು ತುಂಬಬೇಕೆಂಬುದನ್ನು ಓದಿ ಹೇಳಿದರು. ಅಷ್ಟನ್ನು ತೆರಿಗೆಯ ಕಛೇರಿಯವರೇ ಕಾಸಿಲ್ಲದೆ ತಿಳಿಸಿರುತ್ತಾರೆ.

ಆ ಮರುಪಾವತಿಯ ಹಣವನ್ನು ಅವರು ಜ್ಯೇಷ್ಠಮಾಸದಲ್ಲಿ ನಮ್ಮ ಷಷ್ಟ್ಯಬ್ದಿಪೂರ್ತಿ ಶಾಂತಿಗೆ ನಾಲ್ವರೂ ಬರುವ ವಿಮಾನದ ವೆಚ್ಚಕ್ಕೆಂದು ತೆಗೆದಿರಿಸಿದ್ದರು. ಮಗಳು ಕಿರಿಯ ಮಗುವನ್ನೆತ್ತಿಕೊಂಡು ಒಬ್ಬಳೇ ಬಂದಳು. ಅಳಿಯಂದಿರೂ ದೊಡ್ಡ ಮೊಮ್ಮಗಳೂ ಅಲ್ಲಿಯ ನಡುರಾತ್ರಿಯಲ್ಲಿ ಎಚ್ಚರವಾಗಿದ್ದು ಫೋನಿನಲ್ಲಿ ಕಲಶಸ್ನಾನವನ್ನು ನೋಡಿದರು. ನಮ್ಮ ಮನೆಯವರು ಆ ದಿನ ಫೋನಿನ ಕಡೆಗೇ ಮುಖವಿಟ್ಟು ಕುಳಿತಿದ್ದುದನ್ನು ಕಂಡು ಪುರೋಹಿತರು ಎರಡು ಬಾರಿ ಸಂಕಲ್ಪವನ್ನು ನೆನಪಿಸಬೇಕಾಯಿತು.

ಇರಲಿ. ಈ ರೋಗದ ಮೂಲವನ್ನು ವಿಚಾರಿಸೋಣ. ಅಮೆರಿಕಾದಲ್ಲಿ ಸೋಷಿಯಲ್ ಸೆಕ್ಯುರಿಟಿ ಎಂಬ ಒಂಬತ್ತು ಅಂಕೆಗಳ ಸಂಖ್ಯೆಯನ್ನು ಜನರಿಗೆ ಹಂಚತೊಡಗಿದುದು 1936ನೆಯ ಇಸವಿಯಲ್ಲಿ. ಉದ್ದೇಶವು ವೃದ್ಧಾಪ್ಯವೇತನದ ಲೆಕ್ಕ. 1938ರಲ್ಲಿ ಲಾಕ್‌ಪೋರ್ಟ್ ಪಟ್ಟಣದ ಹಣದ ಚೀಲಗಳ ವ್ಯಾಪಾರಿಯೊಬ್ಬರು, ಕಾರ್ಡನ್ನಿಡುವ ಬಗೆಯನ್ನು ತೋರಿಸುವುದಕ್ಕಾಗಿ ಚೀಲದೊಳಗೆ ಮಾದರಿಯ ಕಾರ್ಡೊಂದನ್ನಿಟ್ಟು ಮಾರಿದರು. ಆ ಮಾದರಿಯಲ್ಲಿ ಅಚ್ಚಾಗಿದ್ದುದು ಅವರ ಕಛೇರಿಯ ಹೆಂಗಸೊಬ್ಬರ ನಿಜವಾದ ಸಂಖ್ಯೆ. ಕೊಂಡವರಲ್ಲಿ ಎಷ್ಟೋ ಮಂದಿ ಅದನ್ನೇ ತಮ್ಮದೆಂದು ಬರೆಯತೊಡಗಿದರು. 1943ರಲ್ಲಿ 5,755 ಜನರು ಆ ಒಂದೇ ಸಂಖ್ಯೆಯನ್ನು ಉಪಯೋಗಿಸುತ್ತಿದ್ದರು. ಒಟ್ಟಿನಲ್ಲಿ ಅದನ್ನು ತಮ್ಮದೆಂದವರು ನಾಲ್ವತ್ತು ಸಾವಿರಕ್ಕೂ ಹೆಚ್ಚು. ಕೊನೆಗೆ ಸರ್ಕಾರವು ಆ ಸಂಖ್ಯೆಯನ್ನೇ ರದ್ದು ಮಾಡಿ ಆಕೆಗೆ ಹೊಸದನ್ನು ಕೊಟ್ಟಿತು. ಅವರಲ್ಲಿ ಬಹುಮಂದಿ ಕಳ್ಳರಲ್ಲ, ತಿಳಿಯದವರು. ಆದರೂ ದೋಷವು ಅಲ್ಲಿಯೇ ಕಾಣುತ್ತದೆ. ಕರೆಯುವುದಕ್ಕೆ ಹೆಸರೊಂದು, ತೆರೆಯುವುದಕ್ಕೆ ಕೀಲಿಯೊಂದು ಬೇರೆ ಬೇರೆಯಾಗಿರಬೇಕು. ಎಲ್ಲರಿಗೂ ಹೇಳಬೇಕಾದ ಸಂಜ್ಞೆಯನ್ನೇ ಯಾರಿಗೂ ಹೇಳಬಾರದ ಪ್ರಮಾಣವನ್ನಾಗಿಯೂ ಮಾಡಿದರೆ ವ್ಯಾಕರಣವೂ ಉಳಿಯದು, ವ್ಯವಹಾರವೂ ಉಳಿಯದು.

ಕಾವಲಿನ ಕಂಪೆನಿಯು ಮಾಡತಕ್ಕ ಕೆಲಸವಾದರೂ ಏನು? ಆ ದೇಶದಲ್ಲಿ ಈಕ್ವಿಫ್ಯಾಕ್ಸ್, ಎಕ್ಸ್‌ಪೀರಿಯನ್, ಟ್ರಾನ್ಸ್‌ಯೂನಿಯನ್ ಎಂಬ ಮೂರು ದೊಡ್ಡ ಸಂಸ್ಥೆಗಳು ಪ್ರತಿಯೊಬ್ಬರ ಸಾಲದ ಚರಿತ್ರೆಯನ್ನು ಬರೆದಿಡುತ್ತವೆ. ಆ ಪುಟಗಳಲ್ಲಿ ಹೊಸ ಸಾಲವು ಕಂಡರೆ ಕಂಪೆನಿಯು ಗ್ರಾಹಕನಿಗೆ ಸುದ್ದಿ ಕಳುಹಿಸುತ್ತದೆ. ಸುದ್ದಿಯು ಬರುವ ಹೊತ್ತಿಗೆ ಕಳ್ಳನು ಅರ್ಜಿಯನ್ನು ಹಾಕಿಯೇ ಇರುತ್ತಾನೆ. ಕಥಾಸರಿತ್ಸಾಗರವನ್ನು ಬಲ್ಲ ವಾಚಕರಿಗೆ ಇಂದ್ರದತ್ತನ ವೃತ್ತಾಂತವು ನೆನಪಿಗೆ ಬಂದೀತು. ಗುರುದಕ್ಷಿಣೆಯ ಹೊನ್ನಿಗಾಗಿ ಅವನು ಮೃತನಾದ ನಂದರಾಜನ ದೇಹವನ್ನು ಹೊಕ್ಕನು. ಅವನ ಸ್ವಂತ ದೇಹವನ್ನು ವ್ಯಾಡಿಯು ದೇಗುಲದಲ್ಲಿ ಕಾಯುತ್ತ ಕುಳಿತನು. ಮಂತ್ರಿ ಶಕಟಾಲನ ಭಟರು ಬಂದು ಆ ದೇಹವನ್ನೊಯ್ದು ಸುಟ್ಟುಬಿಟ್ಟರು. ವ್ಯಾಡಿಯು ನಿದ್ರಿಸಿರಲಿಲ್ಲ, ಆದರೆ ತಡೆಯುವ ಶಕ್ತಿಯು ಅವನಿಗಿರಲಿಲ್ಲ.

ಲೈಫ್‌ಲಾಕ್ ಎಂಬ ಕಂಪೆನಿಯ ಸಂಗತಿಯು ಬಹಿರಂಗವಾಗಿಯೇ ಇದೆ. (ನಮ್ಮ ಅಳಿಯಂದಿರು ಹಣವನ್ನು ಕೊಟ್ಟುದು ಇವರಿಗಲ್ಲ.) ಇದರ ಮುಖ್ಯಾಧಿಕಾರಿಯು ತಮ್ಮ ಕಾವಲಿನಲ್ಲಿ ಎಷ್ಟು ಧೈರ್ಯವುಳ್ಳವರಾಗಿದ್ದರೆಂದರೆ, ತಮ್ಮ ಸ್ವಂತ ಸೋಷಿಯಲ್ ಸೆಕ್ಯುರಿಟಿ ಸಂಖ್ಯೆಯನ್ನು ಜಾಹೀರಾತುಗಳಲ್ಲಿ ಎಲ್ಲರಿಗೂ ಕಾಣುವಂತೆ ಅಚ್ಚು ಮಾಡಿಸಿದರು. 2007ರಲ್ಲಿ ಯಾರೋ ಒಬ್ಬನು ಆ ಸಂಖ್ಯೆಯಿಂದಲೇ ಐನೂರು ಡಾಲರು ಸಾಲವನ್ನೆತ್ತಿದನು! ಅಲ್ಲಿಯ ವ್ಯಾಪಾರ ನಿಯಂತ್ರಣ ಮಂಡಲಿಯು ಅತ್ಯುಕ್ತಿಯ ಜಾಹೀರಾತುಗಳ ಆಪಾದನೆಯನ್ನು ಹೊರಿಸಲು, ಕಂಪೆನಿಯು 2010ರಲ್ಲಿ ಹನ್ನೆರಡು ಮಿಲಿಯನ್ ಡಾಲರನ್ನು ಕೊಟ್ಟು ರಾಜಿ ಮಾಡಿಕೊಂಡಿತು; ಆ ರಾಜಿಯ ನಿಬಂಧನೆಗಳನ್ನೇ ಮೀರಿತೆಂಬ ಆಪಾದನೆಯ ಮೇಲೆ 2015ರಲ್ಲಿ ಮತ್ತೆ ನೂರು ಮಿಲಿಯನ್ನಿಗೆ ಒಪ್ಪಿಕೊಂಡಿತು. ವ್ಯಾಪಾರವು ಇದರಿಂದ ನಿಲ್ಲಲಿಲ್ಲವೆಂಬುದೇ ಆಶ್ಚರ್ಯ.

ಇಷ್ಟು ಹಣವನ್ನು ತೆತ್ತು ಪಡೆಯುವುದಕ್ಕಿಂತ ಬಲವಾದ ಉಪಾಯವೊಂದು ಆ ದೇಶದಲ್ಲಿ ಪುಕ್ಕಟೆಯಾಗಿಯೇ ಇದೆ. 2017ರಲ್ಲಿ ಈಕ್ವಿಫ್ಯಾಕ್ಸಿನ ಉಗ್ರಾಣದಿಂದಲೇ ಸುಮಾರು ಹದಿನಾಲ್ಕೂ ಮುಕ್ಕಾಲು ಕೋಟಿ ಜನರ ವಿವರಗಳು ಸೋರಿಹೋದವು. ಅನಂತರ ಮಾಡಿದ ಕಾನೂನಿನಂತೆ, 2018ನೆಯ ಸೆಪ್ಟೆಂಬರ್ 21ರಿಂದ, ಯಾರು ಬೇಕಾದರೂ ಮೂರು ಸಂಸ್ಥೆಗಳಲ್ಲಿಯೂ ತಮ್ಮ ಸಾಲದ ಪುಟಗಳನ್ನು ಉಚಿತವಾಗಿ ಮುಚ್ಚಿಸಬಹುದು. ಇದನ್ನು ಫ್ರೀಜ್ ಎನ್ನುತ್ತಾರೆ. ಪುಟವು ಮುಚ್ಚಿದ್ದರೆ ಹೊಸ ಸಾಲವನ್ನು ಕೊಡುವವನು ಅದನ್ನು ಓದಲಾರನು. ಓದಲಾರದವನು ಸಾಮಾನ್ಯವಾಗಿ ಸಾಲವನ್ನೂ ಕೊಡನು. ತಮಗೇ ಸಾಲವು ಬೇಕಾದಾಗ ಫೋನಿನಲ್ಲಿಯೋ ಅಂತರ್ಜಾಲದಲ್ಲಿಯೋ ಕೇಳಿಕೊಂಡರೆ ಒಂದು ಗಂಟೆಯೊಳಗೆ ತೆರೆದುಕೊಡಬೇಕೆಂದು ವಿಧಿಯಿದೆ. ಹದಿನಾರು ವರ್ಷದೊಳಗಿನ ಮಕ್ಕಳ ಹೆಸರಿನಲ್ಲಿ ತಂದೆತಾಯಿಗಳು ಇದನ್ನು ಮಾಡಿಸಬಹುದು. ತೆರಿಗೆಯ ಕಳ್ಳನಿಗೆ ಬೇರೆ ಮದ್ದಿದೆ: 2021ರಿಂದ ತೆರಿಗೆಯ ಕಛೇರಿಯು ಕೇಳಿದವರಿಗೆಲ್ಲ ವರ್ಷವರ್ಷವೂ ಬದಲಾಗುವ ಆರಂಕಿಯ ಗುಪ್ತಸಂಖ್ಯೆಯೊಂದನ್ನು ಕೊಡುತ್ತದೆ, ಅದಿಲ್ಲದೆ ಆ ಹೆಸರಿನಲ್ಲಿ ಲೆಕ್ಕವು ಸ್ವೀಕಾರವಾಗುವುದಿಲ್ಲ. ಅಳಿಯಂದಿರು ಇದನ್ನು ಮೊದಲೇ ಮಾಡಿಸಿದ್ದರೆ! ಆರುನೂರು ಡಾಲರನ್ನು ತೆಗೆದುಕೊಂಡವರು ಈ ಪುಕ್ಕಟೆಯ ಮಾತನ್ನು ಅವರ ಕಿವಿಗೆ ಬೀಳುವಂತೆ ಒಂದು ದಿನವೂ ಹೇಳಿರಲಿಲ್ಲ.

ಹಾಗಾದರೆ ಈ ಕಂಪೆನಿಗಳಿಂದ ಯಾರಿಗೂ ಪ್ರಯೋಜನವಿಲ್ಲವೇ? ಉಂಟು. ಒಮ್ಮೆ ಮೋಸಹೋಗಿ, ಹತ್ತು ಕಛೇರಿಗಳಿಗೆ ಬರೆದು ಬೇಸತ್ತವರಿಗೆ ಜೊತೆಯಲ್ಲಿ ನಿಂತು ಓಡಾಡುವವನೊಬ್ಬನು ಬೇಕೆನಿಸಬಹುದು. ದೃಷ್ಟಿ ಮಂದವಾದ ವೃದ್ಧರಿಗೆ, ಹತ್ತಿರದಲ್ಲಿ ಮಕ್ಕಳಿಲ್ಲದವರಿಗೆ, ಅಷ್ಟು ಹಣವು ಭಾರವಲ್ಲದವರಿಗೆ ಇದು ಕೂಲಿಯಾಳನ್ನಿಟ್ಟುಕೊಂಡಂತೆ. ದಫ್ತರವನ್ನು ಸೋರಗೊಟ್ಟ ಸಂಸ್ಥೆಯೇ ಉಚಿತವಾಗಿ ಕೊಡಿಸಿದರೆ ಬೇಡವೆನ್ನುವುದೇಕೆ? ಆದರೆ ಮಿಲಿಯನ್ ಡಾಲರಿನ ವಿಮೆಯೆಂದು ದೊಡ್ಡಕ್ಷರಗಳಲ್ಲಿ ಬರೆದುದರ ಕೆಳಗಿನ ಸಣ್ಣಕ್ಷರಗಳನ್ನು ಓದತಕ್ಕದ್ದು. ಅದರಲ್ಲಿ ಎಷ್ಟು ಭಾಗವು ವಕೀಲರ ವೆಚ್ಚಕ್ಕೆ, ಎಷ್ಟು ಭಾಗವು ಹೋದ ಹಣಕ್ಕೆ ಎಂಬುದು ಅಲ್ಲಿಯೇ ಇರುತ್ತದೆ.

ನಮ್ಮ ದೇಶದಲ್ಲಿಯೂ ಬ್ಯಾಂಕಿನಲ್ಲಿ ಕಾರ್ಡನ್ನು ಕೊಡುವಾಗ ಇಂತಹ ರಕ್ಷಣೆಯನ್ನು ಜೊತೆಗಿಟ್ಟು ಮಾರುವುದುಂಟು. ಕೊಳ್ಳುವ ಮುಂಚೆ ಉಚಿತವಾಗಿ ದೊರೆಯುವುದನ್ನು ತಿಳಿದಿರುವುದು ಗೃಹಸ್ಥರಿಗೆ ಒಳ್ಳೆಯದು. ಸಾಲದ ಚರಿತ್ರೆಯನ್ನಿಡುವ ಸಂಸ್ಥೆಗಳು ನಮ್ಮಲ್ಲಿ ನಾಲ್ಕು. ಪ್ರತಿಯೊಂದೂ ವರ್ಷಕ್ಕೊಂದು ಬಾರಿ ಪೂರ್ಣವಾದ ವರದಿಯನ್ನು ಉಚಿತವಾಗಿ ಕೊಡಬೇಕೆಂದು ರಿಜರ್ವ್ ಬ್ಯಾಂಕು 2017ರಿಂದ ವಿಧಿಸಿದೆ. ಅದೇ ವರ್ಷ ಜುಲೈಯಲ್ಲಿ ಹೊರಟ ಆಜ್ಞೆಯಂತೆ, ಬ್ಯಾಂಕಿನ ತಪ್ಪೂ ಗ್ರಾಹಕನ ತಪ್ಪೂ ಇಲ್ಲದೆ ಹಣವು ಹೋದರೆ, ಸುದ್ದಿ ಬಂದ ಮೂರು ಕೆಲಸದ ದಿನಗಳೊಳಗೆ ತಿಳಿಸಿದವನಿಗೆ ನಷ್ಟವು ತಟ್ಟಕೂಡದು. ಮೋಸವು ತಿಳಿದೊಡನೆ ಕರೆಯಬೇಕಾದ ಸಂಖ್ಯೆ 1930.

2023ರಲ್ಲಿ ಬೆಂಗಳೂರಿನಲ್ಲಿ, ಆಸ್ತಿಯನ್ನು ರಿಜಿಸ್ಟರ್ ಮಾಡಿಸಿದ ಎಷ್ಟೋ ಜನರು, ಪತ್ರಕ್ಕೆ ಒತ್ತಿದ ತಮ್ಮ ಬೆರಳಚ್ಚನ್ನು ಕದ್ದು ಆಧಾರ್ ಮೂಲಕ ಹಣವನ್ನು ತೆಗೆದಿದ್ದಾರೆಂದು ಪೋಲೀಸರಿಗೆ ದೂರು ಕೊಟ್ಟರು. ಪಾಸ್‌ವರ್ಡನ್ನು ಬದಲಿಸಬಹುದು, ಹೆಬ್ಬೆರಳನ್ನು ಬದಲಿಸಲಾದೀತೇ? ಆದಕಾರಣ ಆಧಾರಿನ ಬೆರಳಚ್ಚಿಗೆ ಬೀಗವನ್ನು ಹಾಕುವ ಅನುಕೂಲವನ್ನು ಅದರ ಪ್ರಾಧಿಕಾರವೇ ಕಾಸಿಲ್ಲದೆ ಮಾಡಿಕೊಟ್ಟಿದೆ. ಶಾಂತಿಗೆ ಬಂದಿದ್ದಾಗ ಮಗಳು ನಮ್ಮ ಫೋನನ್ನು ತೆಗೆದುಕೊಂಡು, "ಅಪ್ಪಾ, ನಿಮ್ಮದನ್ನಾದರೂ ಭದ್ರ ಮಾಡಿ ಹೋಗುತ್ತೇನೆ" ಎಂದು ಹತ್ತು ನಿಮಿಷದಲ್ಲಿ ಬೀಗವನ್ನು ಹಾಕಿದಳು. ಊರಿಗೆ ಹಿಂದಿರುಗಿದ ಮೇಲೆ ಅವಳೂ ಅಳಿಯಂದಿರೂ ಕುಳಿತು ಮೂರು ಸಂಸ್ಥೆಗಳಲ್ಲಿಯೂ ಪುಟಗಳನ್ನು ಮುಚ್ಚಿಸಿದರು. ಒಂದು ಸಂಜೆಯ ಕೆಲಸವಾಯಿತು. ಮಕ್ಕಳದಕ್ಕೆ ಮಾತ್ರ ಕಾಗದಪತ್ರಗಳನ್ನು ಟಪಾಲಿನಲ್ಲಿ ಕಳುಹಿಸಬೇಕಾಯಿತು. ಕಾವಲಿನ ಕಂಪೆನಿಗೆ ಕೊಡುತ್ತಿದ್ದುದನ್ನು ನಿಲ್ಲಿಸಿದರು. ತೆರಿಗೆಯ ಮರುಪಾವತಿಯು ನಾವಿದನ್ನು ಬರೆಯುವ ಹೊತ್ತಿಗೂ ಅವರ ಕೈಸೇರಿಲ್ಲ.

ಕಳೆದ ನವೆಂಬರಿನಲ್ಲಿ, ನಾವು ಬದುಕಿರುವೆವೆಂಬ ಪ್ರಮಾಣಪತ್ರವನ್ನು ಕೊಡುವುದಕ್ಕಾಗಿ ಪಿಂಚಣಿಯ ಬ್ಯಾಂಕಿಗೆ ಹೋದೆವು. ಯಂತ್ರದ ಮೇಲೆ ಹೆಬ್ಬೆರಳನ್ನು ನಾಲ್ಕು ಸಲ ಒತ್ತಿದರೂ ಅದು ನಮ್ಮನ್ನು ಒಪ್ಪಲಿಲ್ಲ. ಗುಮಾಸ್ತರಾಗಿದ್ದವರು ನಮ್ಮ ಹಳೆಯ ವಿದ್ಯಾರ್ಥಿ. "ಮೇಷ್ಟ್ರೇ, ನೀವಿದ್ದೀರಿ ಅಂತ ನಾನೇನೋ ಹೇಳಬಲ್ಲೆ, ಇದು ಹೇಳುತ್ತಿಲ್ಲವಲ್ಲ" ಎಂದು ತಲೆ ಕೆರೆದುಕೊಂಡರು. ಆಗ ಮಗಳು ಹಾಕಿದ ಬೀಗವು ಜ್ಞಾಪಕಕ್ಕೆ ಬಂದು, ಅವರ ಕೈಯಿಂದಲೇ ಅದನ್ನು ತೆಗೆಸಿ, ಬೆರಳನ್ನೊತ್ತಿ, ಮನೆಗೆ ಬರುವ ದಾರಿಯಲ್ಲಿಯೇ ಮರೆಯದೆ ಮತ್ತೆ ಹಾಕಿಕೊಂಡೆವು.