ಕೃಷ್ಣೆಯನ್ನು ದಾಟುವ ದಾರಿಗಳು

ಬೆಳಗಾವಿ ಜಿಲ್ಲೆಯ ಉತ್ತರದ ಅಂಚನ್ನು ಭೂಪಟದಲ್ಲಿ ನೋಡಿದವರಿಗೆ ಕೃಷ್ಣಾ ನದಿಯು ಆ ಸೀಮೆಯನ್ನು ಎರಡಾಗಿ ಸೀಳಿರುವುದು ಒಡನೆಯೇ ಗೋಚರವಾಗುತ್ತದೆ. ದಕ್ಷಿಣಕ್ಕೆ ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ. ಉತ್ತರಕ್ಕೆ ಅಥಣಿ, ಕಾಗವಾಡ. ಐದೂ ಒಂದೇ ಜಿಲ್ಲೆಯ ಊರುಗಳು. ಆದರೂ ಮಳೆಗಾಲದಲ್ಲಿ ಈಚೆಯವರು ಆಚೆಯ ಬೀಗರ ಮುಖವನ್ನು ಕಾಣಬೇಕಾದರೆ ಸೇತುವೆಗಳ ಕೃಪೆ ಬೇಕು.

ಬ್ರಿಟಿಷರ ಕಾಲದಲ್ಲಿ ಈ ಸೀಮೆ ಆಡಳಿತದಲ್ಲಿಯೂ ಹರಿದು ಹಂಚಿಹೋಗಿತ್ತು. ಚಿಕ್ಕೋಡಿ, ಅಥಣಿಗಳು ಮುಂಬಯಿ ಇಲಾಖೆಗೆ ಸೇರಿದ್ದರೆ ರಾಯಬಾಗವು ಕೊಲ್ಲಾಪುರ ಸಂಸ್ಥಾನದ್ದು; ಅತ್ತ ಮಿರಜ, ಸಾಂಗ್ಲಿ, ಕುರುಂದವಾಡಗಳು ಪಟವರ್ಧನರವು. ಒಬ್ಬ ಅರಸನ ಸೀಮೆಯಲ್ಲಿ ಖಡಿ ಹಾಕಿದ ರಸ್ತೆ ಮತ್ತೊಬ್ಬನ ಗಡಿಯಲ್ಲಿ ಚಕ್ಕಡಿಯ ಜಾಡಾಗಿಬಿಡುವುದು ಇಂಥಲ್ಲಿ ಸೋಜಿಗವಲ್ಲ. 1869ರ ಮುಂಬಯಿ ಲೋಕಲ್ ಫಂಡ್ ಕಾಯಿದೆಯ ಮೇರೆಗೆ ರೈತನು ಕಂದಾಯದ ಪ್ರತಿ ರೂಪಾಯಿಗೆ ಒಂದಾಣೆ ಹೆಚ್ಚಿಗೆ ತೆರುತ್ತಿದ್ದನು. ಇದರಲ್ಲಿ ಎರಡು ಪಾಲು ರಸ್ತೆ, ಬಾವಿಗಳಿಗೆ. ಒಂದು ಪಾಲು ಶಾಲೆಗೆ. ಆದರೆ ಎರೆಭೂಮಿಯು ಆಣೆಯ ಲೆಕ್ಕವನ್ನು ಮನ್ನಿಸುವುದಿಲ್ಲ. ಮಳೆಗೆ ಉಬ್ಬಿ, ಬಿಸಿಲಿಗೆ ಬಿರಿಯುವ ಆ ಕರಿಮಣ್ಣಿನ ಮೇಲೆ ಕಟ್ಟಿದ ರಸ್ತೆ ಬಲುಬೇಗ ಮುರಿಯುತ್ತದೆ. ಗರಸು ತುಂಬಿ, ನೀರು ಬಸಿದುಹೋಗಲು ಬದಿಗಾಲುವೆ ತೋಡದಿದ್ದರೆ ಇಂದಿನ ಡಾಂಬರಿಗೂ ಅದೇ ಗತಿ.

ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ರೈಲು ಬಂದಿತು. ಅದು ಮಿರಜದಿಂದ ಕುಡಚಿ, ರಾಯಬಾಗಗಳ ಮೇಲೆ ಬೆಳಗಾವಿಯತ್ತ ಸಾಗಿ, ಚಿಕ್ಕೋಡಿ ಪಟ್ಟಣವನ್ನು ದೂರದಲ್ಲಿಯೇ ಬಿಟ್ಟಿತು. ‘ಚಿಕ್ಕೋಡಿ ರೋಡ್’ ನಿಲ್ದಾಣದ ಹೆಸರನ್ನು ನಂಬಿ ಇಳಿದವರಿಗೆ ದೊರೆಯುವುದು ರೋಡು ಮಾತ್ರ. ಚಿಕ್ಕೋಡಿಗೆ ಮುಂದೆ ಬಹುದೂರ ಸಾಗಬೇಕು!

1943ರಲ್ಲಿ ನಾಗಪುರದಲ್ಲಿ ಸೇರಿದ ಮುಖ್ಯ ಎಂಜಿನಿಯರುಗಳು ದೇಶದ ದಾರಿಗಳನ್ನು ರಾಷ್ಟ್ರೀಯ, ಪ್ರಾಂತೀಯ, ಜಿಲ್ಲಾ, ಗ್ರಾಮ ರಸ್ತೆಗಳೆಂದು ವಿಂಗಡಿಸಿದರು. ಒಳ್ಳೆಯ ಬೇಸಾಯವಿರುವ ಸೀಮೆಯಲ್ಲಿ ಯಾವ ಹಳ್ಳಿಯೂ ಮುಖ್ಯ ರಸ್ತೆಗೆ 5 ಮೈಲಿಗಿಂತ ದೂರವಿರಬಾರದೆಂಬುದು ಅವರ ಸಂಕಲ್ಪ. 1956ರ ನವೆಂಬರ್ 1ರಂದು ಬೆಳಗಾವಿಯೊಡನೆ ಈ ರಸ್ತೆಗಳೂ ಮೈಸೂರು ರಾಜ್ಯಕ್ಕೆ ಬಂದವು. ಮುಧೋಳದಿಂದ ಮಹಾಲಿಂಗಪುರ, ಕಬ್ಬೂರು, ಚಿಕ್ಕೋಡಿಗಳ ಮೇಲೆ ನಿಪ್ಪಾಣಿಯತ್ತ ಹೋಗಿ ಮಹಾರಾಷ್ಟ್ರದ ಗಡಿಯನ್ನು ಮುಟ್ಟುವ ರಾಜ್ಯ ಹೆದ್ದಾರಿ 18ರ ಉದ್ದ ಸುಮಾರು 108 ಕಿಲೋಮೀಟರು. ವಿಜಯಪುರ, ಅಥಣಿ, ಚಿಕ್ಕೋಡಿ, ಸಂಕೇಶ್ವರಗಳನ್ನು ಪೋಣಿಸುವ ಹಳೆಯ ರಾಜ್ಯ ಹೆದ್ದಾರಿಯು ಈಗ ರಾಷ್ಟ್ರೀಯ ಹೆದ್ದಾರಿಯ ಪದವಿಗೇರಿದೆ.

ಈ ಎಲ್ಲ ದಾರಿಗಳಿಗೂ ಹಿರಿಯಣ್ಣನೆಂದರೆ ಪುಣೆ–ಬೆಂಗಳೂರು ಹೆದ್ದಾರಿ. ತವಂದಿ ಘಾಟನ್ನು ಬಳಸಿಕೊಂಡು ಅದು ನಿಪ್ಪಾಣಿಯನ್ನು ಹಾಯುತ್ತದೆ. ನಿಪ್ಪಾಣಿಯ ತಂಬಾಕು ದೂರದ ಪೇಟೆಗಳನ್ನು ಸೇರಿದ್ದು ಈ ರಸ್ತೆಯಿಂದಲೇ. 1981ರ ಮಾರ್ಚಿಯಲ್ಲಿ ಮಾತ್ರ ಅದರ ಮೇಲೆ ತಂಬಾಕಿನ ಗಾಡಿಗಳ ಬದಲು ತಂಬಾಕು ಬೆಳೆದವರೇ ಬಂದು ಕುಳಿತರು. ನ್ಯಾಯವಾದ ಬೆಲೆ ಬೇಕೆಂದು ಶರದ್ ಜೋಶಿಯವರ ನೇತೃತ್ವದಲ್ಲಿ ಸಾವಿರಾರು ರೈತರು ಮೂರು ವಾರಗಳಿಗೂ ಮೀರಿ ಹೆದ್ದಾರಿಯನ್ನು ತಡೆದರು. ದಾರಿಯ ಮೇಲೆಯೇ ಅಡಿಗೆ, ಅಲ್ಲಿಯೇ ನಿದ್ದೆ. ಏಪ್ರಿಲ್ 6ರಂದು ಪೊಲೀಸರು ಗುಂಡು ಹಾರಿಸಿದರು. 12 ಮಂದಿ ರೈತರು ಪ್ರಾಣ ತೆತ್ತರು. ಇಂದು ವಾಹನದಲ್ಲಿ ಕೆಲವೇ ನಿಮಿಷಗಳಲ್ಲಿ ಆ ನೆಲವನ್ನು ದಾಟುವವರಲ್ಲಿ ಎಷ್ಟು ಜನ ಇದನ್ನು ಬಲ್ಲರು?

ಮನುಷ್ಯರು ತಡೆದ ದಾರಿಯನ್ನು ನದಿಗಳೂ ತಡೆದುಂಟು. 2019ರ ಆಗಸ್ಟಿನಲ್ಲಿ ಯಮಗರ್ಣಿಯ ಬಳಿ ವೇದಗಂಗೆಯು ಹೆದ್ದಾರಿಯ ಮೇಲೇರಿ ಹರಿದಳು. ಲಾರಿಗಳ ಸಾಲು ದಿನಗಟ್ಟಲೆ ನಿಂತಿತು. 2021ರ ಜುಲೈಯಲ್ಲಿ ಮತ್ತೆ ಅದೇ ಪಾಡು. ಕೊಯ್ನಾ ಅಣೆಕಟ್ಟಿನಿಂದ ನೀರು ಬಿಟ್ಟರೆಂಬ ವಾರ್ತೆ ಬಂದರೆ ಸಾಕು, ಕಲ್ಲೋಳ–ಯಡೂರಿನ ತಗ್ಗಿನ ಬಾಂದಾರ ಸೇತುವೆ ಮುಳುಗುವುದೆಂದು ಹಳ್ಳಿಗರು ಸುತ್ತುದಾರಿ ಹಿಡಿಯುತ್ತಾರೆ. ಕುಡಚಿ–ಉಗಾರ ಸೇತುವೆಯೂ ಮುಳುಗಿದರೆ ರಾಯಬಾಗದ ಕಡೆಯವರಿಗೆ ಕೂಗಳತೆಯ ಆಚೆಯ ದಡವೇ ಪರದೇಶವಾಗುತ್ತದೆ.

ಕಾಗವಾಡದವರಿಗಾದರೋ ಬೆಳಗಾವಿಗಿಂತ ಮಿರಜವೇ ಸಮೀಪ. ಕಾಯಿಲೆಯಾದವರನ್ನು ಮಿರಜದ ಆಸ್ಪತ್ರೆಗಳಿಗೆ ಕರೆದೊಯ್ಯುವುದು ಈ ಕಡೆಯ ಹಳೆಯ ರೂಢಿ. ಡಾಕ್ಟರ್ ವಾನ್‌ಲೆಸ್ ಅವರು ಅಲ್ಲಿ ಆಸ್ಪತ್ರೆಯನ್ನು ತೆರೆದದ್ದು 1894ರಲ್ಲಿ. 2020ರಲ್ಲಿ ಕೊರೋನಾ ಹಬ್ಬಿದಾಗ ಕಾಗವಾಡದಲ್ಲಿಯೂ, ನಿಪ್ಪಾಣಿಯ ಹತ್ತಿರದ ಕೊಗನೊಳ್ಳಿಯಲ್ಲಿಯೂ ತಪಾಸಣೆಯ ನಾಕೆಗಳು ಎದ್ದವು. ಸಂತೆಗೂ ಮದುವೆಗೂ ಕೇಳದೆ ದಾಟುತ್ತಿದ್ದ ಗಡಿಯಲ್ಲಿ ಜನರು ಕಾಗದಪತ್ರಗಳನ್ನು ಹಿಡಿದು ಸಾಲಾಗಿ ನಿಂತರು.