ದೊಡ್ಡರೋಗ ಹೋದದ್ದು ಹೇಗೆ?



ರಕ್ತದ ಮಾದರಿ ತೆಗೆಯಲು ಊರಿಗೆ ಬಂದಾಗಲೆಲ್ಲ ನಮಗೆ ಎದುರಾಗುವ ಪ್ರಶ್ನೆ ಒಂದೇ. "ಡಾಕ್ಟ್ರೇ, ಹಸು ಚೆನ್ನಾಗೇ ಇದೆಯಲ್ಲ, ರಕ್ತ ಯಾಕೆ? ಯಾವುದೋ ಯೂನಿವರ್ಸಿಟಿಯವರು ಸಂಶೋಧನೆ ಮಾಡಿದರೆ ನಮಗೇನು ಬಂತು?" ಪ್ರಶ್ನೆ ನ್ಯಾಯವಾದದ್ದೇ. ರಾಸು ಬೆದರಿ ಅಂದಿನ ಹಾಲು ಅರ್ಧ ಲೀಟರ್ ಕಡಿಮೆಯಾದರೆ ನಷ್ಟ ನಿಮ್ಮದು, ವಿಜ್ಞಾನಿಯದಲ್ಲ. ಇದಕ್ಕೆ ಸರಿಯಾದ ಉತ್ತರ ದೊಡ್ಡರೋಗದ ಇತಿಹಾಸದಲ್ಲಿದೆ.

ಹಿರಿಯ ಸದಸ್ಯರಿಗೆ ಈ ರೋಗದ ನೆನಪಿರಬಹುದು. ವಿಪರೀತ ಜ್ವರ, ಕಣ್ಣು ಮೂಗಿನಲ್ಲಿ ಸೋರಿಕೆ, ಬಾಯಲ್ಲಿ ಹುಣ್ಣು, ನಾರುವ ಭೇದಿ, ಕೆಲವೇ ದಿನಗಳಲ್ಲಿ ಸಾವು. ಒಮ್ಮೆ ಹೊಕ್ಕರೆ ಊರಿನ ಕೊಟ್ಟಿಗೆಗಳೇ ಖಾಲಿಯಾಗುತ್ತಿದ್ದವು. ಇಂದಿನ ನಿಮ್ಮ ಮಕ್ಕಳಿಗೆ ಈ ರೋಗದ ಹೆಸರೂ ತಿಳಿಯದು. 2011ರಲ್ಲಿ ಇಡೀ ಪ್ರಪಂಚವೇ ದೊಡ್ಡರೋಗದಿಂದ ಮುಕ್ತವಾಯಿತೆಂದು ಘೋಷಿಸಲಾಯಿತು. ಮನುಷ್ಯರ ಸಿಡುಬಿನ ನಂತರ ಭೂಮಿಯಿಂದ ನಿರ್ಮೂಲವಾದ ಎರಡನೆಯ ರೋಗ ಇದು.

ಗಡಿ ಅರಿಯದ ರೋಗ

1920ರಲ್ಲಿ ಭಾರತದ ದನಗಳನ್ನು ಬ್ರೆಜಿಲ್ ದೇಶಕ್ಕೆ ಹಡಗಿನಲ್ಲಿ ಸಾಗಿಸುತ್ತಿದ್ದಾಗ, ದಾರಿಯಲ್ಲಿ ಬೆಲ್ಜಿಯಂನ ಆಂಟ್‌ವರ್ಪ್ ಬಂದರಿನಲ್ಲಿ ಇಳಿಸಲಾಯಿತು. ಅವುಗಳ ಜೊತೆ ದೊಡ್ಡರೋಗವೂ ಇಳಿಯಿತು. ಯುರೋಪಿನಲ್ಲಿ ಗಾಬರಿ ಹುಟ್ಟಿ, 1924ರಲ್ಲಿ 28 ದೇಶಗಳು ಕೂಡಿ ಪ್ಯಾರಿಸ್‌ನಲ್ಲಿ ಅಂತರರಾಷ್ಟ್ರೀಯ ಪಶುರೋಗ ಸಂಸ್ಥೆಯನ್ನು ಸ್ಥಾಪಿಸಿದವು. ಒಂದು ದೇಶ ತನ್ನ ದನಗಳನ್ನಷ್ಟೇ ಕಾಪಾಡಿಕೊಳ್ಳುತ್ತೇನೆಂದರೆ ಸಾಲದು ಎಂಬ ಪಾಠವನ್ನು ಅಂದೇ ಕಲಿತದ್ದಾಯಿತು. ಪಕ್ಕದ ಹೊಲದವರು ಕಳೆ ಕೀಳದಿದ್ದರೆ ನಮ್ಮ ಹೊಲಕ್ಕೆ ಬೀಜ ಹಾರಿಬರುವುದು ತಪ್ಪೀತೆ?

ಲಸಿಕೆ ಇತ್ತು, ತಂಪು ಇರಲಿಲ್ಲ

1960ರ ಸುಮಾರಿಗೆ ಕೀನ್ಯಾ ದೇಶದ ಮುಗುಗ ಪ್ರಯೋಗಾಲಯದಲ್ಲಿ ವಾಲ್ಟರ್ ಪ್ಲೌರೈಟ್ ಎಂಬ ಬ್ರಿಟಿಷ್ ಪಶುವೈದ್ಯರು ಮತ್ತು ಅವರ ಸಂಗಡಿಗರು ಉತ್ತಮ ಲಸಿಕೆಯೊಂದನ್ನು ಸಿದ್ಧಪಡಿಸಿದರು. ಕರುವಿನ ಮೂತ್ರಪಿಂಡದ ಜೀವಕೋಶಗಳಲ್ಲಿ ರೋಗಾಣುವನ್ನು ಸುಮಾರು 90 ಬಾರಿ ಬೆಳೆಸಿ, ಅದರ ಶಕ್ತಿ ಕುಂದಿಸಿ ತಯಾರಿಸಿದ ಲಸಿಕೆ ಅದು. ಅಗ್ಗದ್ದು, ಒಮ್ಮೆ ಹಾಕಿದರೆ ದೀರ್ಘಕಾಲ ರಕ್ಷಣೆ. ಆದರೆ ಒಂದು ಕೊರತೆ: ತಂಪು ತಪ್ಪಿದರೆ ಕೆಡುತ್ತಿತ್ತು. ಬೇಸಿಗೆಯಲ್ಲಿ ಹಾಲಿನ ಕ್ಯಾನು ಒಂದೆರಡು ಗಂಟೆ ತಡವಾದರೆ ಏನಾಗುತ್ತದೆಂದು ನಿಮಗೆ ಹೇಳಬೇಕಾಗಿಲ್ಲ. ಕರೆಂಟೂ ರಸ್ತೆಯೂ ಇಲ್ಲದ ಆಫ್ರಿಕಾದ ಬಯಲುಗಳಲ್ಲಿ ದನಗಾಹಿಗಳ ಹಿಂಡನ್ನು ತಲುಪುವ ಮೊದಲೇ ಲಸಿಕೆ ನಿರುಪಯುಕ್ತವಾಗುತ್ತಿತ್ತು.

ಇಲ್ಲಿ ನೆರವಿಗೆ ಬಂದದ್ದು ಅಮೆರಿಕದ ಟಫ್ಟ್ಸ್ ವಿಶ್ವವಿದ್ಯಾಲಯ. ಅಲ್ಲಿನ ಪಶುವೈದ್ಯ ಜೆಫ್ರಿ ಮ್ಯಾರಿನರ್ ಮತ್ತವರ ತಂಡದವರು ಪ್ಲಮ್ ಐಲ್ಯಾಂಡ್ ಸರ್ಕಾರಿ ಪ್ರಯೋಗಾಲಯದ ಜೊತೆಗೂಡಿ, ಅದೇ ಲಸಿಕೆಯನ್ನು ಬೇರೆ ಜೀವಕೋಶಗಳಲ್ಲಿ ಬೆಳೆಸಿ, ಒಣಗಿಸುವ ವಿಧಾನವನ್ನು ಬದಲಿಸಿದರು. 1990ರ ಸುಮಾರಿಗೆ ಸಿದ್ಧವಾದ ಈ ಲಸಿಕೆಯನ್ನು ಫ್ರಿಜ್ ಇಲ್ಲದೆ ಒಂದು ತಿಂಗಳ ಮಟ್ಟಿಗೆ ಬಳಸಬಹುದಾಗಿತ್ತು. ಮುಂದೆ ಇದು ಆಫ್ರಿಕಾದ ಪ್ರಯೋಗಾಲಯಗಳಲ್ಲಿಯೇ ತಯಾರಾಯಿತು. ಊರಿನ ದನಗಾಹಿಗಳಿಗೇ ತರಬೇತಿ ನೀಡಿ ಅವರ ಕೈಯಿಂದಲೇ ಲಸಿಕೆ ಹಾಕಿಸಲಾಯಿತು. ರೋಗ ಎಲ್ಲಿ ಉಳಿದಿದೆ ಎಂಬುದನ್ನು ತೋರಿಸಿಕೊಟ್ಟವರೂ ದನಗಾಹಿಗಳೇ.

ಬೆಂಗಳೂರಿನ ಪಾಲು

1987ರಲ್ಲಿ ತಮಿಳುನಾಡಿನ ಅರಸೂರು ಎಂಬ ಊರಿನಲ್ಲಿ ಕುರಿಗಳಿಗೆ ದೊಡ್ಡರೋಗದಂತೆಯೇ ಕಾಣುವ ಕಾಯಿಲೆ ಬಂತು. ಅದು ನಿಜವಾಗಿಯೂ ದೊಡ್ಡರೋಗವೇ ಆಗಿದ್ದರೆ ದನಗಳಿಗೂ ಅಪಾಯ. ಬೆಂಗಳೂರಿನ ಟಾಟಾ ಇನ್‌ಸ್ಟಿಟ್ಯೂಟ್, ಅಂದರೆ ಭಾರತೀಯ ವಿಜ್ಞಾನ ಸಂಸ್ಥೆಯ ಪ್ರೊ. ಎಂ.ಎಸ್. ಶೈಲಾ ಮತ್ತು ಅವರ ಸಹೋದ್ಯೋಗಿಗಳು ಪರೀಕ್ಷಿಸಿ, ಇದು ದೊಡ್ಡರೋಗವಲ್ಲ, ಅದರ ದಾಯಾದಿಯಾದ ಪಿ.ಪಿ.ಆರ್. ರೋಗವೆಂದು 1989ರಲ್ಲಿ ಪ್ರಕಟಿಸಿದರು. ಭಾರತದಲ್ಲಿ ಈ ರೋಗ ಗುರುತಾದದ್ದು ಅದೇ ಮೊದಲು. ಇಂದು ಕುರಿ ಮೇಕೆ ಸಾಕುವವರು ಹಿರೇಬೇನೆ ಎನ್ನುವುದು ಇದನ್ನೇ.

ನಂತರ ಶೈಲಾ ಅವರ ಜೊತೆ ಇಂಗ್ಲೆಂಡಿನ ಪಿರ್‌ಬ್ರೈಟ್, ಫ್ರಾನ್ಸ್ ಮತ್ತು ನೈಜೀರಿಯಾದ ವಿಜ್ಞಾನಿಗಳು ಸೇರಿ, ಹಲವು ದೇಶಗಳ ಮಾದರಿಗಳನ್ನು ಒಟ್ಟಿಗೆ ಹೋಲಿಸಿ, ಪಿ.ಪಿ.ಆರ್. ರೋಗಾಣುವಿನಲ್ಲಿ ನಾಲ್ಕು ವಂಶಗಳಿವೆ ಎಂದು 1996ರಲ್ಲಿ ತೋರಿಸಿದರು. ಯಾವ ವಂಶ ಎಲ್ಲಿದೆ ಎಂದು ತಿಳಿದರೆ, ಹೊಸದಾಗಿ ಕಂಡ ರೋಗ ಎಲ್ಲಿಂದ ಬಂತೆಂದು ಪತ್ತೆಹಚ್ಚಬಹುದು. ಒಂದೇ ದೇಶದ ಮಾದರಿಗಳಿಂದ ಈ ಕೆಲಸ ಆಗುವಂತಿರಲಿಲ್ಲ.

ರಕ್ತದ ಮಾದರಿ ಏಕೆ ಬೇಕು?

ದೊಡ್ಡರೋಗದ ಲಸಿಕೆ ಹಾಕಿದ ರಾಸಿನ ರಕ್ತದಲ್ಲಿಯೂ, ರೋಗ ಬಂದು ಗುಣವಾದ ರಾಸಿನ ರಕ್ತದಲ್ಲಿಯೂ ಒಂದೇ ಬಗೆಯ ರೋಗನಿರೋಧಕ ಅಂಶ ಕಾಣುತ್ತದೆ. ಆದ್ದರಿಂದ ಕೊನೆಯ ಹಂತದಲ್ಲಿ ಲಸಿಕೆ ನಿಲ್ಲಿಸಿ, ನಂತರ ಹುಟ್ಟಿದ ಕರುಗಳ ರಕ್ತ ಪರೀಕ್ಷಿಸಬೇಕಾಯಿತು. ಅವುಗಳಲ್ಲಿ ಆ ಅಂಶ ಕಾಣದಿದ್ದರೆ ರೋಗ ಹೋಗಿದೆ ಎಂದರ್ಥ. ಭಾರತದಲ್ಲಿ ಕೊನೆಯ ಬಾರಿ ದೊಡ್ಡರೋಗ ಕಂಡದ್ದು 1995ರಲ್ಲಿ. ದೇಶ ಸಂಪೂರ್ಣ ಮುಕ್ತವೆಂಬ ಮನ್ನಣೆ ದೊರೆತದ್ದು 2006ರಲ್ಲಿ. ನಡುವಿನ ಆ ವರ್ಷಗಳಲ್ಲಿ ಆರೋಗ್ಯವಂತ ರಾಸುಗಳ ರಕ್ತ ಕೊಟ್ಟ ರೈತರಿಲ್ಲದಿದ್ದರೆ ಯಾವ ವಿಶ್ವವಿದ್ಯಾಲಯವೂ ಇದನ್ನು ಸಾಧಿಸಲಾಗುತ್ತಿರಲಿಲ್ಲ.

ಇನ್ನೂ ಮುಗಿಯದ ಕೆಲಸ

ಕಾಲುಬಾಯಿ ಜ್ವರ ಇಷ್ಟು ಸುಲಭದ್ದಲ್ಲ. ಅದರ ರೋಗಾಣುವಿನಲ್ಲಿ ಹಲವು ಬಗೆಗಳಿವೆ, ಕಾಲಕಾಲಕ್ಕೆ ರೂಪವೂ ಬದಲಾಗುತ್ತದೆ. ಊರಿನಲ್ಲಿ ಹರಡಿರುವ ಬಗೆಗೂ ಲಸಿಕೆಯ ಬಗೆಗೂ ಹೊಂದಾಣಿಕೆ ಇಲ್ಲದಿದ್ದರೆ ಲಸಿಕೆ ಹಾಕಿಯೂ ರೋಗ ಬರಬಹುದು. ಈ ಹೊಂದಾಣಿಕೆ ನೋಡುವುದು ಮಾದರಿಗಳಿಂದಲೇ. ಪಿ.ಪಿ.ಆರ್. ರೋಗವನ್ನು 2030ರೊಳಗೆ ನಿರ್ಮೂಲ ಮಾಡುವ ಗುರಿಯನ್ನು ಎಲ್ಲ ದೇಶಗಳೂ ಸೇರಿ ಇಟ್ಟುಕೊಂಡಿವೆ. 2022ರಲ್ಲಿ ನಮ್ಮ ರಾಜ್ಯದ ರಾಸುಗಳನ್ನು ಕಾಡಿದ ಚರ್ಮಗಂಟು ರೋಗವೂ ಮೂಲತಃ ಆಫ್ರಿಕಾದಲ್ಲಿ ಕಂಡುಬಂದ ರೋಗವೇ ಎಂಬುದನ್ನು ಮರೆಯಬಾರದು.

ಆದ್ದರಿಂದ ಸದಸ್ಯರು ಈ ಕೆಳಗಿನವುಗಳನ್ನು ತಪ್ಪದೆ ಪಾಲಿಸಬೇಕಾಗಿ ಕೋರಿಕೆ:

1. ಕಾಲುಬಾಯಿ ಜ್ವರದ ಲಸಿಕೆಯನ್ನು ಆರು ತಿಂಗಳಿಗೊಮ್ಮೆ ಹಾಕಿಸಿ. ಒಂದೆರಡು ದಿನ ಹಾಲು ಕಡಿಮೆಯಾಗಬಹುದು, ಮತ್ತೆ ಸರಿಹೋಗುತ್ತದೆ.

2. ಜ್ವರ, ಜೊಲ್ಲು, ಬಾಯಿಹುಣ್ಣು, ಚರ್ಮದ ಗಂಟು ಕಂಡ ದಿನವೇ ಸಂಘದ ಕಾರ್ಯದರ್ಶಿಗೆ ತಿಳಿಸಿ. ಹಾಲು ಹಾಕಿಸಿಕೊಳ್ಳುವುದಿಲ್ಲವೆಂಬ ಅಂಜಿಕೆಯಿಂದ ಮುಚ್ಚಿಡಬೇಡಿ.

3. ರೋಗ ಬಂದ ರಾಸನ್ನು ಸಂತೆಗೆ ಹೊಡೆಯಬೇಡಿ.

4. ಮಾದರಿ ತೆಗೆಯುವಾಗ ಕಿವಿಯೋಲೆಯ ಸಂಖ್ಯೆ ಬರೆಸಿ. ಫಲಿತಾಂಶ ಏನಾಯಿತೆಂದು ನಮ್ಮನ್ನು ಕೇಳಿ. ಕೇಳುವ ಹಕ್ಕು ನಿಮಗಿದೆ, ತಿಳಿಸುವ ಹೊಣೆ ನಮ್ಮದು.